ಹವಾಯಿ ಚರಿತ್ರೆಯ ನೂರು ಪತ್ರಿಕೆಗಳು

1834ರ ಫೆಬ್ರವರಿ 14ರಂದು ಮಾವಿ ದ್ವೀಪದ ಲಹೈನಾಲುನ ಶಾಲೆಯ ಅಚ್ಚುಕೂಟದಿಂದ ‘ಕ ಲಮ ಹವಾಯಿ’ ಹೊರಬಂತು. ಹವಾಯಿ ಭಾಷೆಯ ಮೊದಲ ಪತ್ರಿಕೆ ಅದು. ಆ ಸಾಲಿನ ಕೊನೆಯದಾದ ಹಿಲೊ ಪಟ್ಟಣದ ‘ಕ ಹೋಕೂ ಒ ಹವಾಯಿ’ ನಿಂತದ್ದು 1948ರಲ್ಲಿ. ಈ ನಡುವೆ ಸುಮಾರು ನೂರು ಪತ್ರಿಕೆಗಳು ಬಂದವು. ಒಟ್ಟು ಪುಟಗಳು ಅಂದಾಜು 1,25,000.

ಪತ್ರಿಕೆಯನ್ನು ತಂದವರು ಮಿಷನರಿಗಳು. ಆದರೆ 1861ರಲ್ಲಿ ‘ಕ ಹೋಕೂ ಒ ಕ ಪಾಕೀಪಿಕ’ ಹೊರಟಾಗ ಲೇಖನಿ ನಾಡವರ ಕೈಗೇ ಬಂದಿತ್ತು. ಮುಂದೆ ಅರಸನಾದ ಕಲಾಕಾವ ಅದರ ಸಂಪಾದಕ ಬಳಗದಲ್ಲಿದ್ದ. ಹೊರಗಿನಿಂದ ಬಂದ ರೋಗಗಳು ಹಿರಿಯರನ್ನು ಕೊಂಡೊಯ್ಯುತ್ತಿದ್ದ ಕಾಲ ಅದು. ವಂಶಾವಳಿ, ಮಂತ್ರ, ಶೋಕಗೀತೆಗಳು ಬಾಯಿಂದ ಕಾಗದಕ್ಕೆ ಬಂದದ್ದು ಆ ಆತಂಕದಲ್ಲೇ. ಸಾಮ್ಯುಯೆಲ್ ಕಮಕಾವು 1860ರ ದಶಕದಿಂದ 1871ರವರೆಗೆ ‘ಕೂಒಕೊಅ’ ಮತ್ತು ‘ಕೆ ಅವು ಒಕೊಅ’ ಪತ್ರಿಕೆಗಳಲ್ಲಿ ನಾಡಿನ ಚರಿತ್ರೆಯನ್ನು ಧಾರಾವಾಹಿಯಾಗಿ ಬರೆದ. ಓದುಗರು ಸುಮ್ಮನಿರುತ್ತಿರಲಿಲ್ಲ, ಆಕ್ಷೇಪಿಸಿದರು, ತಿದ್ದಿದರು. ಕತೆಗೂ ಚರಿತ್ರೆಗೂ ‘ಮೊಒಲೆಲೊ’ ಎಂಬ ಒಂದೇ ಮಾತಿರುವ ಭಾಷೆಯಲ್ಲಿ ಈ ಜಗಳ ಸಹಜವೇ.

1961ರಲ್ಲಿ ಕಮಕಾವುವಿನ ಈ ಬರಹದ ಒಂದು ಭಾಗ ಇಂಗ್ಲಿಷ್ ಪುಸ್ತಕವಾಯಿತು. ಅನುವಾದ ಶ್ರದ್ಧೆಯದು, ಅದರಲ್ಲಿ ಕೈಜೋಡಿಸಿದ ಮೇರಿ ಕವೇನ ಪುಕುಯಿ ಬಿಷಪ್ ಮ್ಯೂಸಿಯಂನಲ್ಲಿ ದಶಕಗಳ ಕಾಲ ದುಡಿದವರು. ಆದರೆ ಪುಸ್ತಕದಲ್ಲಿ ಕಮಕಾವುವಿನ ಕ್ರಮ ಬದಲಾಯಿತು, ಕೆಲ ಭಾಗ ಉದುರಿತು, ಓದುಗರ ತಕರಾರುಗಳಂತೂ ಬರಲೇ ಇಲ್ಲ. ಇಂಥ ಬೆರಳೆಣಿಕೆಯ ಅನುವಾದಗಳನ್ನೇ ಸಾಕೆಂದುಕೊಂಡ ವಿದ್ವತ್ತಿನ ಮೇಲೆ ಹವಾಯಿ ಭಾಷೆಯ ವಿದ್ವಾಂಸ ಪುಆಕೆಯ ನೋಗೆಲ್ಮೈಯರ್ 2010ರಲ್ಲಿ ಆರೋಪ ಹೊರಿಸಿದರು. ನನಗೆ ಅದು ನ್ಯಾಯವೆಂದೇ ತೋರುತ್ತದೆ. ಆದರೆ ಮೂಲವನ್ನು ಓದುವವರು ಕಡಿಮೆಯಾದದ್ದಕ್ಕೆ ವಿದ್ವಾಂಸರ ಸೋಮಾರಿತನವೊಂದೇ ಕಾರಣವಲ್ಲ. 1893ರಲ್ಲಿ ರಾಣಿ ಲಿಲಿಉಒಕಲಾನಿ ಪದಚ್ಯುತಳಾದಳು. 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಭಾಷೆಯಾಗಿಸಿತು.

1889ರಲ್ಲಿ ರಾಜಕುಮಾರಿ ಪಾಉಅಹಿಯ ನೆನಪಿಗೆ ಸ್ಥಾಪಿತವಾದ ಬಿಷಪ್ ಮ್ಯೂಸಿಯಂ ಈ ಶತಮಾನದ ಆರಂಭದಲ್ಲಿ ಪತ್ರಿಕೆಗಳನ್ನು ಪದ ಹುಡುಕಬಲ್ಲ ಪಠ್ಯವಾಗಿಸುವ ಕೆಲಸಕ್ಕೆ ಇಳಿಯಿತು. ಮಾಸಿದ ಅಚ್ಚನ್ನು ಯಂತ್ರ ತಪ್ಪಾಗಿ ಓದುತ್ತದೆ. ಸರಿಯಾಗಿ ಓದಿದರೂ ತೊಡಕು ತಪ್ಪದು: ಹಳೆಯ ಪತ್ರಿಕೆಗಳು ದೀರ್ಘ ಸ್ವರದ ಗುರುತನ್ನಾಗಲಿ ಗಂಟಲ ತಡೆಯ ಗುರುತನ್ನಾಗಲಿ ಹಾಕುತ್ತಿರಲಿಲ್ಲ. ‘ಪಉ’ ಎಂದು ಅಚ್ಚಾದದ್ದು ‘ಮುಗಿಯಿತು’, ‘ಮಸಿ’, ‘ತೇವ’, ‘ಲಂಗ’ ಇವುಗಳಲ್ಲಿ ಯಾವುದೂ ಆಗಬಹುದು. ‘ಕಡು’ವನ್ನೂ ‘ಕಾಡು’ವನ್ನೂ ಒಂದೇ ರೀತಿ ಬರೆದರೆ ನಮ್ಮ ಪಾಡೇನಾಗುತ್ತಿತ್ತು? ಯಂತ್ರದ ತಪ್ಪು ಓದನ್ನಾದರೂ ತಪ್ಪಿಸಲು 2011ರ ನವೆಂಬರ್ 28ರಂದು ಒಂದು ಆಂದೋಲನವೇ ಶುರುವಾಯಿತು. 1843ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಹವಾಯಿಯ ಸ್ವಾತಂತ್ರ್ಯವನ್ನು ಮಾನ್ಯ ಮಾಡಿದ ದಿನವದು. ಸಾವಿರಾರು ಸ್ವಯಂಸೇವಕರು ಮನೆಯಲ್ಲಿ ಕೂತು ಪುಟ ಪುಟವನ್ನೂ ಟೈಪ್ ಮಾಡಿದರು. ಅವರಲ್ಲಿ ಹಲವರಿಗೆ ಭಾಷೆಯೇ ಬರುತ್ತಿರಲಿಲ್ಲ.

ಫಲ ಬಂದದ್ದು ಯಾರೂ ಎಣಿಸದ ಕಡೆಯಿಂದ. ಎತ್ತರದ ಬೆಟ್ಟಗಳಿರುವ ಹವಾಯಿಯ ದೊಡ್ಡ ದ್ವೀಪಕ್ಕೆ ಚಂಡಮಾರುತ ತಟ್ಟದೆಂಬ ನಂಬಿಕೆ ಜನರಲ್ಲಿತ್ತು. ಆದರೆ ಪತ್ರಿಕೆಗಳಲ್ಲಿ 1871ರ ಆಗಸ್ಟ್ 9ರ ಸುದ್ದಿ ಸಿಕ್ಕಿತು. ಕೊಹಾಲ, ವೈಪಿಒ ಕಣಿವೆ, ಮಾವಿಯ ಹಾನಾಗಳಿಂದ ಬಂದ ವರದಿಗಳಲ್ಲಿ ಬಿದ್ದ ಮನೆ, ಮುರಿದ ಮರಗಳ ಲೆಕ್ಕವಿತ್ತು. ಗಾಳಿ ಯಾವ ಕಡೆಯಿಂದ ಬೀಸಿ ಯಾವ ಕಡೆಗೆ ತಿರುಗಿತೆಂಬುದೂ ಇತ್ತು. ಅದನ್ನೇ ಹಿಡಿದು ಹವಾಮಾನ ವಿಜ್ಞಾನಿಗಳು 2018ರಲ್ಲಿ ಬಿರುಗಾಳಿಯ ದಾರಿಯನ್ನು ಗುರುತಿಸಿದರು. ಅದು ಕನಿಷ್ಠ ಮೂರನೇ ದರ್ಜೆಯದಾಗಿತ್ತು.