ಓಡಿಹೋಗುವ ರೋಗ

ಅಮೆರಿಕದ ದಕ್ಷಿಣದ ಹತ್ತಿ ತೋಟಗಳಿಂದ ಗುಲಾಮರು ಓಡಿಹೋಗುತ್ತಿದ್ದರು. ಯಾಕೆ ಅಂತ ತಿಳಿಯಲು ವೈದ್ಯಶಾಸ್ತ್ರ ಬೇಕೇ? ಬೇಕು ಅಂದವನು ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಡಾಕ್ಟರು. 1851ರಲ್ಲಿ ಲೂಸಿಯಾನಾದ ವೈದ್ಯರ ಸಂಘಕ್ಕೆ ಒಪ್ಪಿಸಿದ ವರದಿಯಲ್ಲಿ ಆತ ಇದಕ್ಕೆ 'ಡ್ರೇಪ್ಟೊಮೇನಿಯಾ' ಅಂತ ಹೆಸರಿಟ್ಟ. ಓಡಿಹೋದ ಗುಲಾಮ ಎಂಬರ್ಥದ ಗ್ರೀಕ್ ಪದಕ್ಕೆ ಹುಚ್ಚನ್ನು ಗಂಟು ಹಾಕಿದರೆ ರೋಗ ತಯಾರು. ಗ್ರೀಕ್ ಇರಲಿ, ಸಂಸ್ಕೃತ ಇರಲಿ, ದುಡಿಯುವ ಜನಕ್ಕೆ ತಿಳಿಯದ ಭಾಷೆಯಲ್ಲಿ ಹೇಳಿದ್ದಕ್ಕೆ ಶಾಸ್ತ್ರದ ಗತ್ತು ತಾನಾಗಿ ಬರುತ್ತದೆ.

ಆತ ಬರೆದ ಲಕ್ಷಣಗಳನ್ನು ಗಮನಿಸಬೇಕು. ರೋಗ ಪತ್ತೆಯಾಗುವುದು ಗುಲಾಮ ಕೆಲಸ ಬಿಟ್ಟು ಓಡಿದಾಗ. ಅದಕ್ಕೂ ಮುಂಚೆ ಅವನು ಮುಖ ಗಂಟಿಕ್ಕಿಕೊಂಡು ಅತೃಪ್ತನಾಗಿರುತ್ತಾನೆ. ಕಾರಣವಿಲ್ಲದೆ ಹೀಗಿದ್ದರೆ ಮುಂಜಾಗ್ರತೆಯಾಗಿ ಚಾಟಿಯೇಟು ಕೊಡುವುದು ಒಳ್ಳೆಯದು ಅನ್ನೋದು ಅವನ ಸಲಹೆ. ನನ್ನನ್ನು ತಡೆದು ನಿಲ್ಲಿಸಿದ್ದು ಚಾಟಿಯಲ್ಲ, ಆ 'ಕಾರಣವಿಲ್ಲದೆ' ಎಂಬ ಮಾತು. ಹೊಟ್ಟೆಗೆ ಬಟ್ಟೆಗೆ ಕೊಟ್ಟ ಮೇಲೆ ಇನ್ನೇನು ಕಾರಣ ಅಂತ ಧಣಿ ಕೇಳ್ತಾನೆ, ಡಾಕ್ಟರು ತಲೆಯಾಡಿಸ್ತಾನೆ. ಗುಲಾಮಗಿರಿ ಕಾರಣಗಳ ಪಟ್ಟಿಯಲ್ಲೇ ಇಲ್ಲ. ಅದನ್ನು ತೆಗೆದುಹಾಕಿದ ಮೇಲೆ ಉಳಿಯುವುದು ಒಬ್ಬ ಮನುಷ್ಯನ ಗಂಟುಮೋರೆ ಮಾತ್ರ. ಅದು ರೋಗಲಕ್ಷಣವಾಗದೆ ಇನ್ನೇನಾದೀತು?

ಇನ್ನೊಂದು ರೋಗವನ್ನೂ ಆತ ಕಂಡುಹಿಡಿದ: ಸೋಮಾರಿತನ, ಸಲಕರಣೆ ಮುರಿಯುವುದು, ಬೆಳೆ ಹಾಳುಮಾಡುವುದು. ಮೇಸ್ತ್ರಿಗಳು ಇದನ್ನು ಪೋಕರಿತನ ಅಂತಾರೆ, ಅಲ್ಲ, ಇದು ಕಾಯಿಲೆ ಎಂದು ತಿದ್ದಿದ. ಚಿಕಿತ್ಸೆ: ಮೈ ತೊಳೆದು, ಎಣ್ಣೆ ಸವರಿ, ಅಗಲವಾದ ಚರ್ಮದ ಪಟ್ಟಿಯಿಂದ ಬಡಿದು ಎಣ್ಣೆ ಇಳಿಸಿ, ಬಯಲಲ್ಲಿ ದುಡಿಸುವುದು. ಆಗಲೇ ನಕ್ಕವರೂ ಇದ್ದರು. ಕರಾರಿನ ಜೀತಕ್ಕಿದ್ದ ಬಿಳಿ ಆಳುಗಳೂ ಓಡಿಹೋಗುತ್ತಿದ್ದರಲ್ಲ ಅಂತ ಫ್ರೆಡರಿಕ್ ಲಾ ಓಮ್‌ಸ್ಟೆಡ್ 1856ರಲ್ಲಿ ಕುಟುಕಿದ.

ಅಂಕಿಅಂಶವೂ ಧಣಿಯ ಕಡೆಗೇ ಇತ್ತು. 1840ರ ಜನಗಣತಿಯ ಪ್ರಕಾರ ಉತ್ತರದ ಸ್ವತಂತ್ರ ಕಪ್ಪು ಜನರಲ್ಲಿ ಹುಚ್ಚು ವಿಪರೀತ. ಕೆಲವು ಊರುಗಳಲ್ಲಂತೂ ಅಲ್ಲಿದ್ದ ಕಪ್ಪು ಜನರಿಗಿಂತ ಅವರಲ್ಲಿನ ಹುಚ್ಚರೇ ಹೆಚ್ಚು! ಎಡ್ವರ್ಡ್ ಜಾರ್ವಿಸ್, ಕಪ್ಪು ವೈದ್ಯ ಜೇಮ್ಸ್ ಮೆಕ್ಯೂನ್ ಸ್ಮಿತ್ ತಪ್ಪು ಎತ್ತಿ ತೋರಿಸಿದರು. ಆದರೂ 1844ರಲ್ಲಿ ವಿದೇಶಾಂಗ ಮಂತ್ರಿ ಕ್ಯಾಲ್ಹೂನ್ ಗುಲಾಮಗಿರಿಯ ಸಮರ್ಥನೆಗೆ ಬಳಸಿದ್ದು ಅದೇ ಲೆಕ್ಕವನ್ನು.

ಇದೆಲ್ಲ ಹಳೇ ಕತೆ ಅನ್ನುವವರು 1968ಕ್ಕೆ ಬರಬೇಕು. ಕಪ್ಪು ಗಂಡಸರ ಹೋರಾಟದ ಮಾತುಗಳಲ್ಲಿ 'ಪ್ರೊಟೆಸ್ಟ್ ಸೈಕೋಸಿಸ್' ಕಂಡೆವೆಂದು ಇಬ್ಬರು ಮನೋವೈದ್ಯರು ಬರೆದರು. ಅದೇ ವರ್ಷ ಬಂದ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಪ್ಯಾರನಾಯ್ಡ್ ಸ್ಕಿಜೋಫ್ರೇನಿಯಾವನ್ನು ವರ್ಣಿಸುವಾಗ ಹಗೆತನ, ಆಕ್ರಮಣಶೀಲತೆಗಳನ್ನು ಹೆಸರಿಸಿತು. ಮಿಶಿಗನ್ನಿನ ಐಯೋನಿಯಾ ಆಸ್ಪತ್ರೆಯ ಹಳೆಯ ಕಡತಗಳನ್ನು ಓದಿದ ಜೊನಾಥನ್ ಮೆಟ್ಜ್ಲ್, ಹಿಂದೆ ಬಿಳಿ ಗೃಹಿಣಿಯರಿಗೆ ಅಂಟಿದ್ದ ಈ ರೋಗದ ಹೆಸರು ಸಿಟ್ಟಿನ ಕಪ್ಪು ಗಂಡಸರಿಗೆ ಹೇಗೆ ವರ್ಗವಾಯಿತೆಂದು 2010ರ ಪುಸ್ತಕದಲ್ಲಿ ತೋರಿಸಿದ್ದಾರೆ. ಆ ಸಂಘ ತನ್ನ ವರ್ಣಭೇದಕ್ಕಾಗಿ ಕ್ಷಮೆ ಕೇಳಿದ್ದು 2021ರಲ್ಲಿ.

ಜೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ. ಆ ನಂಟು ಹಿಡಿದೇ ನಾನು ಕ್ಲಾಸಿನಲ್ಲಿ ಕಾರ್ಟ್‌ರೈಟನ ಮಾತೆತ್ತುವುದು. ನಮ್ಮಲ್ಲಿ ಹಾಸ್ಟೆಲಿನ ಹುಡುಗ ಸುಮ್ಮನಿದ್ದರೆ 'ಕೀಳರಿಮೆ', ಬಾಯಿಬಿಟ್ಟರೆ 'ತಲೆ ತಿರುಗಿದೆ'. ಹಾಗಂತ ಕಾಯಿಲೆಯೇ ಸುಳ್ಳು ಎನ್ನುವ ಕೆಲವು ಗೆಳೆಯರ ವಾದ ನನಗೆ ಒಪ್ಪಿಗೆಯಿಲ್ಲ. ವಾರಗಟ್ಟಲೆ ನಿದ್ದೆಯಿಲ್ಲದವರು, ಇಲ್ಲದ ದನಿ ಕೇಳಿ ನಡುಗುವವರು ನಮ್ಮ ಕೇರಿಯಲ್ಲೂ ಇದ್ದಾರೆ. ಅವರಿಗೆ ಡಾಕ್ಟರೂ ಬೇಕು, ಮಾತ್ರೆಯೂ ಬೇಕು. ಆ ಡಾಕ್ಟರು ಚೀಟಿ ಬರೆಯುವ ಮುಂಚೆ 'ಏನಾಯ್ತವ್ವ' ಅಂತ ಕೇಳಲಿ. ನೀರಿನ ಹತ್ತಿರ ನಡೆದದ್ದನ್ನು ಆಕೆ ಹೇಳಿದರೆ ಅದನ್ನೂ ಬರೆದುಕೊಳ್ಳಲಿ.