ರೂವಾರಿಯ ಹೆಸರು

ಕರ್ಮಭೂಮಿಯ ಆದಿಯಲ್ಲಿ ಭಗವಾನ್ ಋಷಭದೇವರು ಪ್ರಜೆಗಳಿಗೆ ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದರೆಂಬುದು ಶ್ರಾವಕ ಬಂಧುಗಳಿಗೆ ವಿದಿತವೇ ಇದೆ. ಜಿನಸೇನಾಚಾರ್ಯರ ಆದಿಪುರಾಣವು ಇದನ್ನು ನಿರೂಪಿಸುತ್ತದೆ. ಖಡ್ಗ ಹಿಡಿದವರ, ಲೇಖನಿ ಹಿಡಿದವರ, ವಾಣಿಜ್ಯದಲ್ಲಿ ಗಳಿಸಿ ಬಸದಿಗಳಿಗೆ ದಾನವಿತ್ತವರ ಹೆಸರುಗಳು ನಮ್ಮ ಇತಿಹಾಸದಲ್ಲಿ ಹೇರಳವಾಗಿವೆ. ಉಳಿ ಹಿಡಿದವನ ಹೆಸರೆಲ್ಲಿ? ಜಿನಬಿಂಬ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪ್ರಸ್ತುತವಾಗಲಾರದು.

ಶ್ರವಣಬೆಳಗೊಳದಲ್ಲಿ ಸುಮಾರು ಕ್ರಿ.ಶ. 981ರಲ್ಲಿ ಮೂಡಿದ 58 ಅಡಿಯ ಗೊಮ್ಮಟಮೂರ್ತಿಯ ಪಾದಗಳ ಬಳಿ ಕನ್ನಡ, ತಮಿಳು, ಮರಾಠಿ ಬರಹಗಳಿವೆ. ಚಾವುಂಡರಾಯನು ಇದನ್ನು ಮಾಡಿಸಿದನೆಂದು ಅವು ಸಾರುತ್ತವೆ. ಮಾಡಿದವನಾರೆಂಬುದು ಅಲ್ಲಿಲ್ಲ. ಅರಿಷ್ಟನೇಮಿ ಎಂಬ ಹೆಸರನ್ನು ಐತಿಹ್ಯ ಹೇಳುತ್ತದೆ. ಆ ಪಾದಶಾಸನಗಳು ಹೇಳುವುದಿಲ್ಲ. ಬೆಟ್ಟದ ನೆತ್ತಿಯ ಬಂಡೆಯನ್ನೇ ಕಡೆದ ಮೂರ್ತಿಯದು. ಕಗ್ಗಲ್ಲಿನ ಮೇಲೆ ಉಳಿಯ ಮೊನೆ ಬೇಗನೆ ಮೊಂಡಾಗುತ್ತದೆ. ಅದನ್ನು ಮತ್ತೆ ಮತ್ತೆ ಕಾಯಿಸಿ ಬಡಿದು ಹದಗೊಳಿಸಲು ಕುಲುಮೆಯವನು ಹತ್ತಿರದಲ್ಲೇ ಇರಬೇಕು. ತುಟಿಯ ಅಂಚಿನಲ್ಲಿ ಒಂದು ಚಕ್ಕೆ ಹೆಚ್ಚಾಗಿ ಎದ್ದುಹೋದರೆ ಮತ್ತೆ ಅಂಟಿಸುವಂತಿಲ್ಲ, ಬೇರೊಂದು ಬೆಟ್ಟವನ್ನು ತರಿಸುವಂತೆಯೂ ಇಲ್ಲ. ನಾವು ಕೈಮುಗಿದು ನೋಡುವ ಆ ಮಂದಸ್ಮಿತ ಇಂತಹ ಭಯದ ನಡುವೆ ಅರಳಿದ್ದು.

ನಮ್ಮವರು ರೂವಾರಿಗಳನ್ನು ಪೂರ್ಣವಾಗಿ ಮರೆತರೆಂದರೆ ಅನ್ಯಾಯವಾದೀತು. ಅದೇ ಬೆಳಗೊಳದ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ‘ರೂವಾರಿ ಮುಖತಿಲಕ’ನೆಂಬ ಬಿರುದಿನೊಡನೆ ಗಂಗಾಚಾರಿಯ ಹೆಸರು ಉಳಿದಿದೆ. ಅಕ್ಷರ ಕಂಡರಿಸಿದವನಿಗೆ ಲಭಿಸಿದ ಈ ಮನ್ನಣೆ ಮಹಾಮೂರ್ತಿಯನ್ನು ಕಡೆದವನಿಗೆ ಲಭಿಸಲಿಲ್ಲವೆಂಬುದು ಸೋಜಿಗ.

ತುಳುನಾಡಿನ ಕಥೆ ಇನ್ನೂ ಕಠಿನವಾದುದು. ಕಾರ್ಕಳದ ಗೊಮ್ಮಟನನ್ನು 1432ರಲ್ಲಿ ವೀರಪಾಂಡ್ಯ ಭೈರರಸನು ಲಲಿತಕೀರ್ತಿ ಮುನಿಗಳ ಉಪದೇಶದಂತೆ ಸ್ಥಾಪಿಸಿದನು. ವೇಣೂರಿನ ಮೂರ್ತಿಯನ್ನು 1604ರಲ್ಲಿ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದನು. ಶಾಸನಗಳು ಗುರುವನ್ನೂ ಅರಸನನ್ನೂ ಹೇಳಿ ಮುಗಿಯುತ್ತವೆ. ಶಿಲ್ಪಿಯನ್ನು ನೆನೆದದ್ದು ತುಳುವರ ಪಾಡ್ದನ. ಶಂಭು ಕಲ್ಕುಡನ ಮಗ ಬೀರ ಕಲ್ಕುಡನು ಕಾರ್ಕಳದ ಮೂರ್ತಿಯನ್ನು ಕಡೆದನಂತೆ. ಇಂಥದು ಬೇರೆಲ್ಲೂ ಆಗಬಾರದೆಂದು ಅರಸನು ಅವನ ಒಂದು ಕೈಯನ್ನೂ ಒಂದು ಕಾಲನ್ನೂ ಕಡಿಸಿದನಂತೆ. ಉಳಿದ ಕೈಯಿಂದಲೇ ಅವನು ವೇಣೂರಿನ ಮೂರ್ತಿಯನ್ನು ಮುಗಿಸಿದನಂತೆ. ತಂಗಿ ಕಲ್ಲುರ್ಟಿ ಅಣ್ಣನ ಸೇಡನ್ನು ತೀರಿಸಿದಳು.

ಎರಡು ಮೂರ್ತಿಗಳ ನಡುವೆ 172 ವರ್ಷಗಳ ಅಂತರವಿರುವುದರಿಂದ ಇದು ಯಥಾವತ್ ಇತಿಹಾಸವಾಗಲಾರದು. ಆದುದರಿಂದ ಕಟ್ಟುಕಥೆಯೆಂದು ತಳ್ಳಿಬಿಡುವುದು ನಮಗೆ ಸುಲಭ; ಆರೋಪಿತನು ಜೈನ ಅರಸನಾದುದರಿಂದ ಇನ್ನೂ ಸುಲಭ. ಅಹಿಂಸಾಮೂರ್ತಿಯ ಪಾದದಡಿಯಲ್ಲಿ ಕೈ ಕಡಿದ ಕಥೆಯೊಂದು ಏಕೆ ಹುಟ್ಟಿತು, ಏಕೆ ಇಷ್ಟು ಕಾಲ ಬಾಳಿತು ಎಂಬುದನ್ನು ಮಾತ್ರ ಯೋಚಿಸದೆ ಬಿಡಲು ಈ ಲೇಖಕನಿಗೆ ಮನಸ್ಸು ಬಾರದು. ಶಾಸನ ಬಿಟ್ಟ ಹೆಸರನ್ನು ಜನ ದೈವವಾಗಿಸಿಕೊಂಡರು. ಕಲ್ಕುಡ-ಕಲ್ಲುರ್ಟಿಯರಿಗೆ ತುಳುನಾಡಿನಲ್ಲಿ ಇಂದಿಗೂ ಕೋಲ ನಡೆಯುತ್ತದೆ.

ನಮ್ಮ ಕಾಲದಲ್ಲಿ ಸ್ಥಿತಿ ಬದಲಾಗಿದೆ. 1982ರಲ್ಲಿ ಧರ್ಮಸ್ಥಳದ ರತ್ನಗಿರಿಯಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯನ್ನು ಕಡೆದವರು ಯಾರೆಂದು ಕೇಳಿದರೆ ರೆಂಜಾಳ ಗೋಪಾಲ ಶೆಣೈ ಎಂದು ಹೇಳಬಲ್ಲವರು ಅನೇಕರಿದ್ದಾರೆ. ಆ ಮೂರ್ತಿ ರೂಪುಗೊಂಡದ್ದು ಕಾರ್ಕಳದಲ್ಲಿಯೇ.