ಪೆಲೆ ದಾಖಲೆ ಮುರಿದವನು ಮತ್ತೆ ಪುಸ್ತಕ ಹಿಡಿದ ಕಥೆ

ಪೆಲೆ ಹೆಸರು ಕೇಳದವರು ನಮ್ಮ ಹಳ್ಳಿಗಳಲ್ಲೂ ಕಡಿಮೆ. 1958ರಲ್ಲಿ ಸ್ವೀಡನ್ನಿನಲ್ಲಿ ನಡೆದ ವಿಶ್ವಕಪ್ ಫುಟ್‌ಬಾಲಿನಲ್ಲಿ ಆತ ಮೈದಾನಕ್ಕಿಳಿದಾಗ ಹದಿನೇಳು ವರ್ಷ, ಏಳು ತಿಂಗಳು. ಅಷ್ಟು ಎಳೆಯ ವಯಸ್ಸಿನಲ್ಲಿ ವಿಶ್ವಕಪ್ ಆಡಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. 24 ವರ್ಷ ಉಳಿದಿದ್ದ ಆ ದಾಖಲೆಯನ್ನು ಮುರಿದವನು ಯಾರು ಎಂದು ಕೇಳಿ ನೋಡಿ. ಫುಟ್‌ಬಾಲ್ ಹುಚ್ಚಿರುವ ಹುಡುಗರೂ ತಲೆ ಕೆರೆದುಕೊಳ್ಳುತ್ತಾರೆ.

ಅವನ ಹೆಸರು ನಾರ್ಮನ್ ವೈಟ್‌ಸೈಡ್. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದವನು. 1982ರ ಜೂನ್ 17ರಂದು ಸ್ಪೇನಿನ ಜರಗೋಜಾದಲ್ಲಿ ಯುಗೊಸ್ಲಾವಿಯಾ ವಿರುದ್ಧ ಆಡಿದಾಗ ಅವನಿಗೆ 17 ವರ್ಷ 41 ದಿನ. ತಮಾಷೆ ಎಂದರೆ, ಅಷ್ಟು ಹೊತ್ತಿಗೆ ತನ್ನ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಪರ ಅವನು ಹಿರಿಯರ ತಂಡದಲ್ಲಿ ಆಡಿದ್ದು ಎರಡೇ ಪಂದ್ಯ. ಆ ವಿಶ್ವಕಪ್ಪಿನಲ್ಲಿ ಪುಟ್ಟ ಉತ್ತರ ಐರ್ಲೆಂಡ್, ಆತಿಥೇಯ ಸ್ಪೇನನ್ನು ಅವರದೇ ನೆಲದಲ್ಲಿ 1-0ಯಿಂದ ಸೋಲಿಸಿತು. ಮರುವರ್ಷ ಇಂಗ್ಲೆಂಡಿನ ಎರಡು ದೊಡ್ಡ ಕಪ್‌ಗಳ ಫೈನಲಿನಲ್ಲೂ ವೈಟ್‌ಸೈಡ್ ಗೋಲು ಹೊಡೆದ. 1985ರ ಎಫ್‌ಎ ಕಪ್ ಫೈನಲಿನಲ್ಲಿ ಮ್ಯಾಂಚೆಸ್ಟರ್ ತಂಡದ ಒಬ್ಬ ಆಟಗಾರ ಹೊರಹಾಕಲ್ಪಟ್ಟು ಹತ್ತೇ ಜನ ಉಳಿದಿದ್ದರು. ಹೆಚ್ಚುವರಿ ಸಮಯದಲ್ಲಿ ಎವರ್ಟನ್ ವಿರುದ್ಧ ಬಂದ ಒಂದೇ ಒಂದು ಗೋಲು ಇವನದೇ. ಆಗ ಅವನಿಗೆ ಇಪ್ಪತ್ತು ತುಂಬಿ ಹತ್ತು ಹನ್ನೊಂದು ದಿನವಾಗಿತ್ತು.

26ನೇ ವಯಸ್ಸಿಗೆ ಎಲ್ಲ ಮುಗಿಯಿತು. ಮೊಣಕಾಲು ಕೈಕೊಟ್ಟಿತ್ತು. ಆಪರೇಷನ್ ಮೇಲೆ ಆಪರೇಷನ್ ಆಗಿತ್ತು. 1991ರಲ್ಲಿ ಆಟ ಬಿಟ್ಟ.

ನಮ್ಮ ಕಡೆ ಹುಡುಗರಿಗೆ 26 ಎಂದರೆ ಮನೆಯಲ್ಲಿ ಮದುವೆ ಮಾತು ಶುರುವಾಗುವ ವಯಸ್ಸು. ಜಿಲ್ಲಾ ವರದಿಗಾರಿಕೆಯ ಕೆಲಸದಲ್ಲಿ ನಾವು ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳಿಗೆ ಆಗಾಗ ಹೋಗುತ್ತೇವೆ. ಗೆದ್ದ ತಂಡದ ಫೋಟೋ ತೆಗೆದು, ನಾಲ್ಕು ಸಾಲು ಬರೆದು ಕಳಿಸಿದರೆ ನಮ್ಮ ಕೆಲಸ ಮುಗಿಯಿತು. ಅಂಗಳದ ಅಂಚಿನಲ್ಲಿ ಮೊಣಕಾಲು ಹಿಡಿದು ಕೂತ ಹುಡುಗನ ಬಗ್ಗೆ ನಾವು ಇದುವರೆಗೂ ಒಂದು ಸಾಲೂ ಬರೆದಿಲ್ಲ. ಆ ತಪ್ಪು ನಮ್ಮದೇ. ಅಂಥ ಹುಡುಗರ ಬಗ್ಗೆ ಯೋಚಿಸುತ್ತಾ ಹೋದಾಗ ಸಿಕ್ಕಿದ್ದು ಇಂಗ್ಲೆಂಡಿನ ಈ ಹಳೆಯ ಕಥೆಗಳು.

ಮೊದಲು ಮೊಣಕಾಲಿನ ವಿಷಯ ಸ್ವಲ್ಪ ಹೇಳಬೇಕು. ತೊಡೆಯ ಮೂಳೆಯನ್ನೂ ಕೆಳಗಾಲಿನ ಮೂಳೆಯನ್ನೂ ಒಳಗಡೆ ಎರಡು ಹುರಿಗಳು ಒಂದಕ್ಕೊಂದು ಅಡ್ಡವಾಗಿ ಹಿಡಿದಿರುತ್ತವೆ. ನೊಗಕ್ಕೆ ಮಿಣಿ ಬಿಗಿದ ಹಾಗೆ. ಇವುಗಳಲ್ಲಿ ಮುಂದಿನ ಹುರಿಗೆ ಡಾಕ್ಟರುಗಳು ಎಸಿಎಲ್ ಎನ್ನುತ್ತಾರೆ. ಓಡುತ್ತಾ ಓಡುತ್ತಾ ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಅದು ಹರಿಯುತ್ತದೆ. ಒಮ್ಮೆ ಪೂರ್ತಿ ಹರಿದರೆ ತಾನಾಗಿ ಕೂಡಿಕೊಳ್ಳುವುದು ಬಹಳ ಕಷ್ಟ. ಈಗ ರೋಗಿಯ ದೇಹದಿಂದಲೇ ಬೇರೆ ಸ್ನಾಯುರಜ್ಜು ತೆಗೆದು ಅಲ್ಲಿ ಕೂರಿಸುತ್ತಾರೆ. ಮತ್ತೆ ಆಡಲು ಒಂಬತ್ತು ತಿಂಗಳೋ ವರ್ಷವೋ ಬೇಕು, ಆದರೆ ಆಡಬಹುದು. ಇನ್ನು ಎರಡು ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ. ಹಿಂದೆ ಅದು ಹರಿದರೆ ಪೂರ್ತಿ ಕಿತ್ತು ತೆಗೆಯುವುದೇ ವಾಡಿಕೆಯಾಗಿತ್ತು. ಮೆತ್ತೆ ಹೋದ ಮೇಲೆ ಮೂಳೆಗೆ ಮೂಳೆ ತಿಕ್ಕಿ ಮೊಣಕಾಲು ಸವೆಯುತ್ತಿತ್ತು.

1962ರ ಡಿಸೆಂಬರ್ 26ರಂದು ಸಂಡರ್‌ಲೆಂಡ್ ತಂಡದ ಬ್ರಯನ್ ಕ್ಲಫ್‌ಗೆ ಆದದ್ದು ಇದೇ ಎಸಿಎಲ್ ಗಾಯ. ಎದುರಾಳಿ ಬರಿ ತಂಡದ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಬಿದ್ದ. 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದಿದ್ದ ಆಟಗಾರ ಆತ. ಸುಮಾರು ಎರಡು ವರ್ಷ ಕಷ್ಟಪಟ್ಟು ಮರಳಿ ಬಂದರೂ ಆಡಲು ಆದದ್ದು ಮೂರು ಪಂದ್ಯ ಮಾತ್ರ. ಕ್ಲಫ್ ಓದಿದವನಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಅಲ್ಲಿನ ಮಕ್ಕಳೆಲ್ಲ ಬರೆಯುತ್ತಿದ್ದ ಪರೀಕ್ಷೆಯಲ್ಲಿ ಫೇಲಾಗಿ, ಯಾವ ಸರ್ಟಿಫಿಕೇಟೂ ಇಲ್ಲದೆ ಶಾಲೆ ಬಿಟ್ಟಿದ್ದ. ಆದರೂ ಮ್ಯಾನೇಜರ್ ಆಗಿ 1979 ಮತ್ತು 1980ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಯುರೋಪಿಯನ್ ಕಪ್ ಗೆದ್ದುಕೊಟ್ಟ. "ನೋಡಿ, ಓದದಿದ್ದರೂ ಕ್ಲಫ್ ಎಲ್ಲಿ ಹೋಗಿ ಮುಟ್ಟಿದ" ಎನ್ನುವವರು ಅಲ್ಲೂ ಇದ್ದಾರೆ, ಇಲ್ಲೂ ಇದ್ದಾರೆ. ಇರಲಿ. ಲಾಟರಿ ಹೊಡೆದವನನ್ನು ತೋರಿಸಿ ಎಲ್ಲರೂ ಟಿಕೆಟ್ ಕೊಳ್ಳಿ ಎಂದ ಹಾಗೆ ಅದು.

ಆ ಕಾಲದ ಇಂಗ್ಲೆಂಡಿನಲ್ಲಿ ಹುಡುಗರು ಹದಿನೈದಕ್ಕೆ ಶಾಲೆ ಬಿಟ್ಟು ಕ್ಲಬ್ ಸೇರುತ್ತಿದ್ದರು. ಸೇರಿದ ತಕ್ಷಣ ಚೆಂಡು ಕೊಡುತ್ತಿರಲಿಲ್ಲ. ಹಿರಿಯ ಆಟಗಾರರ ಬೂಟು ತೊಳೆಯಬೇಕು, ಜನ ನಿಲ್ಲುವ ಮೆಟ್ಟಿಲು ಗುಡಿಸಬೇಕು, ಬೇಲಿಗೆ ಬಣ್ಣ ಬಳಿಯಬೇಕು. ನಡುವೆ ಅಭ್ಯಾಸ. ಹದಿನೇಳು ಹದಿನೆಂಟಕ್ಕೆ ಕ್ಲಬ್ ಒಪ್ಪಂದ ಕೊಟ್ಟರೆ ಕೊಟ್ಟಿತು, ಇಲ್ಲವಾದರೆ ಮನೆಗೆ. ಒಪ್ಪಂದ ಸಿಕ್ಕರೂ ದೊಡ್ಡ ದುಡ್ಡೇನೂ ಇರಲಿಲ್ಲ. 1961ರ ಜನವರಿಯವರೆಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡಬಾರದು ಎಂಬ ನಿಯಮವೇ ಇತ್ತು. ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ ಅದು ಹೋಯಿತು. ಆ ಸಂಘದ ಹೆಸರು ಪಿಎಫ್‌ಎ. 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದು.

ಓದಿನ ಬಗ್ಗೆ ಯೋಚಿಸಿದ್ದೂ ಕ್ಲಬ್‌ಗಳಿಗಿಂತ ಮೊದಲು ಈ ಸಂಘವೇ. 1970ರ ದಶಕದ ಕೊನೆಯ ಹೊತ್ತಿಗೆ ಆಟಗಾರರ ಶಿಕ್ಷಣ ಮತ್ತು ಕಸುಬಿನ ತರಬೇತಿಗೆ ಪ್ರತ್ಯೇಕ ಸಂಸ್ಥೆ ಕಟ್ಟಿತು. 1983ರಲ್ಲಿ ನಿರುದ್ಯೋಗಿ ಯುವಕರಿಗಾಗಿ ಸರ್ಕಾರ ತಂದ ತರಬೇತಿ ಯೋಜನೆಯನ್ನು ಫುಟ್‌ಬಾಲ್ ಹುಡುಗರಿಗೂ ಹೊಂದಿಸಿದರು. ಆಟದ ಜೊತೆಗೆ ಕಾಲೇಜಿಗೂ ಹೋಗಬೇಕು ಎಂದಾಯಿತು. ಎಷ್ಟೋ ಹುಡುಗರು ಆ ಕಾಲೇಜಿನ ದಿನವನ್ನು ವಿಶ್ರಾಂತಿಯ ದಿನ ಎಂದುಕೊಂಡರು. ಅವರನ್ನು ಬೈಯಲು ನಮಗೆ ಮನಸ್ಸಿಲ್ಲ. ಹದಿನಾರರಲ್ಲಿ ಯಾವ ಆಟಗಾರನೂ ತನ್ನ ಕಾಲು ಮುರಿಯುತ್ತದೆ ಎಂದು ನಂಬುವುದಿಲ್ಲ.

ಓದಿದವರನ್ನು ಡ್ರೆಸ್ಸಿಂಗ್ ರೂಮಿನಲ್ಲಿ ಗೇಲಿ ಮಾಡುವುದೂ ನಡೆದೇ ಇತ್ತು. 1970ರ ಸುಮಾರಿಗೆ ಲಿವರ್‌ಪೂಲ್ ತಂಡದಲ್ಲಿ ಇಬ್ಬರು ಪದವೀಧರರಿದ್ದರು. ಸ್ಟೀವ್ ಹೈವೇ ವಾರಿಕ್ ವಿಶ್ವವಿದ್ಯಾಲಯದವನು, ಬ್ರಯನ್ ಹಾಲ್ ಗಣಿತ ಓದಿದವನು. ಟಿವಿಯ ಕ್ವಿಜ್ ಮೇಷ್ಟ್ರು ಬ್ಯಾಂಬರ್ ಗ್ಯಾಸ್ಕಾಯಿನ್ ಹೆಸರಿನಲ್ಲಿ ಇವರಿಗೆ ದೊಡ್ಡ ಬ್ಯಾಂಬರ್, ಚಿಕ್ಕ ಬ್ಯಾಂಬರ್ ಎಂದು ಅಡ್ಡಹೆಸರು ಇಟ್ಟಿದ್ದರು. ಹೈವೇ ಮುಂದೆ ಅದೇ ಕ್ಲಬ್ಬಿನಲ್ಲಿ ಎಳೆಯ ಆಟಗಾರರನ್ನು ಬೆಳೆಸುವ ಹೊಣೆ ಹೊತ್ತ.

ಈಗ ಮನಸ್ಸು ಭಾರವಾಗುವ ಕಥೆಗೆ ಬರುತ್ತೇವೆ. ಏಡ್ರಿಯನ್ ಡೊಹರ್ಟಿ ಉತ್ತರ ಐರ್ಲೆಂಡಿನ ಸ್ಟ್ರಬೇನ್ ಊರಿನ ಹುಡುಗ. 1989ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ. ಯುವ ತಂಡದಲ್ಲಿ ಒಂದು ಬದಿಗೆ ರಯಾನ್ ಗಿಗ್ಸ್, ಇನ್ನೊಂದು ಬದಿಗೆ ಇವನು. ಗಿಗ್ಸ್ ಮುಂದೆ ಏನಾದ ಎಂದು ಹೇಳಬೇಕಿಲ್ಲ. ಡೊಹರ್ಟಿ ಗಿಟಾರ್ ನುಡಿಸುತ್ತಿದ್ದ, ಹಾಡು ಬರೆಯುತ್ತಿದ್ದ, ಪುಸ್ತಕ ಓದುತ್ತಿದ್ದ. 1991ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಮೊಣಕಾಲಿನ ಹುರಿ ಹರಿಯಿತು. ಮತ್ತೆ ಮೊದಲಿನಂತಾಗಲಿಲ್ಲ. 1993ರಲ್ಲಿ ಕ್ಲಬ್ ಬಿಟ್ಟ. ಹಿರಿಯರ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2000ನೇ ಇಸವಿಯಲ್ಲಿ ನೆದರ್‌ಲೆಂಡ್ಸಿನ ಹೇಗ್ ನಗರದಲ್ಲಿ ಕಾಲುವೆಗೆ ಬಿದ್ದು, ಕೆಲವು ವಾರ ಪ್ರಜ್ಞೆಯಿಲ್ಲದೆ ಮಲಗಿ, 27ನೇ ಹುಟ್ಟುಹಬ್ಬದ ಹಿಂದಿನ ದಿನ ತೀರಿಕೊಂಡ. ಅದು ಅಪಘಾತ, ಮೊಣಕಾಲಿಗೂ ಅದಕ್ಕೂ ಗಂಟು ಹಾಕುವುದು ಸರಿಯಲ್ಲ. ಆದರೆ ಓದುವ ಮನಸ್ಸಿದ್ದ ಹುಡುಗನಿಗೂ ಆಟ ಬಿಟ್ಟ ಮೇಲಿನ ದಾರಿ ಸುಲಭವಾಗಿರಲಿಲ್ಲ ಎನ್ನುವುದನ್ನು ಮುಚ್ಚಿಟ್ಟು ಬರೆಯಲು ನಮಗೆ ಆಗದು. ಪುಸ್ತಕ ಹಿಡಿದರೆ ಎಲ್ಲ ಸರಿಹೋಗುತ್ತದೆ ಎಂದು ಮಕ್ಕಳಿಗೆ ಹೇಳಿದರೆ ಅದು ಅರ್ಧ ಸುಳ್ಳು.

ಇನ್ನೊಂದು ಪ್ರಕರಣ ನ್ಯಾಯಾಲಯಕ್ಕೆ ಹೋಗಿದ್ದರಿಂದ ಹೆಸರಾಯಿತು. ಬೆನ್ ಕಾಲೆಟ್ ಕೂಡ ಮ್ಯಾಂಚೆಸ್ಟರ್ ಯುನೈಟೆಡ್ ಹುಡುಗನೇ. 2003ರಲ್ಲಿ ಯುವ ತಂಡದ ಜೊತೆ ಕಪ್ ಗೆದ್ದ, ಕ್ಲಬ್ಬಿನ ಆ ವರ್ಷದ ಅತ್ಯುತ್ತಮ ಯುವ ಆಟಗಾರ ಎನಿಸಿಕೊಂಡ. ಅದೇ ವರ್ಷದ ಮೇ ತಿಂಗಳಲ್ಲಿ ಮಿಡಲ್ಸ್‌ಬರೋ ವಿರುದ್ಧದ ಮೀಸಲು ತಂಡಗಳ ಪಂದ್ಯದಲ್ಲಿ ಎದುರಾಳಿಯ ಒರಟು ಟ್ಯಾಕಲ್‌ಗೆ ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದವು. ಹದಿನೆಂಟು ವರ್ಷ. ಆಮೇಲೆ ನ್ಯೂಜಿಲೆಂಡಿನಲ್ಲಿ, ನೆದರ್‌ಲೆಂಡ್ಸಿನಲ್ಲಿ ಆಡಲು ಪ್ರಯತ್ನಿಸಿದ. ಆಗಲಿಲ್ಲ.

ಮಿಡಲ್ಸ್‌ಬರೋ ತಪ್ಪು ಒಪ್ಪಿಕೊಂಡಿತು. ಪ್ರಶ್ನೆ ಉಳಿದದ್ದು ಒಂದೇ: ಇನ್ನೂ ಆಡಿಯೇ ಇಲ್ಲದ ಆಟಕ್ಕೆ ಬೆಲೆ ಕಟ್ಟುವುದು ಹೇಗೆ? ನ್ಯಾಯಾಧೀಶರು ಕೂತು ಲೆಕ್ಕ ಹಾಕಿದರು. ಈ ಹುಡುಗ ಎಷ್ಟು ವರ್ಷ ಆಡುತ್ತಿದ್ದ, ಯಾವ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದ, ಎಷ್ಟು ದುಡಿಯುತ್ತಿದ್ದ. ಮ್ಯಾನೇಜರ್ ಅಲೆಕ್ಸ್ ಫರ್ಗ್ಯುಸನ್ ಸಾಕ್ಷಿ ಹೇಳಿದರು. 2008ರ ಆಗಸ್ಟಿನಲ್ಲಿ ಸುಮಾರು 43 ಲಕ್ಷ ಪೌಂಡ್ ಪರಿಹಾರದ ತೀರ್ಪು ಬಂತು. ಅಂದಿನ ಲೆಕ್ಕಕ್ಕೆ ನಮ್ಮ 30 ಕೋಟಿ ರೂಪಾಯಿಗೂ ಹೆಚ್ಚು. ಮೇಲ್ಮನವಿಯಲ್ಲೂ ಅದು ನಿಂತಿತು. ತೀರ್ಪು ಬರುವ ಹೊತ್ತಿಗೆ ಕಾಲೆಟ್ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿ.

ಇಂಥ ಪರಿಹಾರ ಸಿಗಬೇಕಾದರೆ ಎದುರಾಳಿಯ ತಪ್ಪು ಸಾಬೀತಾಗಬೇಕು. ಹಿಂದೆ ದೊಡ್ಡ ಕ್ಲಬ್, ವಿಮೆ, ವಕೀಲರು ಇರಬೇಕು. ಯಾರೂ ಮುಟ್ಟದೆ, ತಾನೇ ತಿರುಗುವಾಗ ಮೊಣಕಾಲು ಹೋದರೆ ಯಾರ ಮೇಲೆ ಕೇಸು ಹಾಕುವುದು? ವೈಟ್‌ಸೈಡ್‌ನಂಥವರ ಗಾಯ ವರ್ಷಗಳ ಕಾಲ ಸವೆದು ಸವೆದು ಆದದ್ದು. ಅದಕ್ಕೆ ಒಬ್ಬ ತಪ್ಪಿತಸ್ಥ ಅಂತ ಇರುವುದಿಲ್ಲ.

ಮತ್ತೆ ಅವನ ವಿಷಯಕ್ಕೇ ಬರೋಣ. ದೇಶಕ್ಕಾಗಿ 38 ಪಂದ್ಯ ಆಡಿದ್ದವನು, ವಿಶ್ವಕಪ್ ದಾಖಲೆ ಇದ್ದವನು, ಸಾಲ್ಫರ್ಡ್ ವಿಶ್ವವಿದ್ಯಾಲಯದಲ್ಲಿ ಪಾದ ಚಿಕಿತ್ಸೆಯ ಪದವಿಗೆ ಸೇರಿದ. ಹದಿನಾರಕ್ಕೇ ಮೈದಾನಕ್ಕಿಳಿದವನು ಅಷ್ಟು ವರ್ಷದ ಮೇಲೆ ಮೂಳೆಗಳ ಹೆಸರು, ನರಗಳ ಹೆಸರು ಬಾಯಿಪಾಠ ಮಾಡುತ್ತಾ ಕೂತ. ವೆಂಬ್ಲಿಯಲ್ಲಿ ಲಕ್ಷ ಜನರ ಮುಂದೆ ಗೋಲು ಹೊಡೆದವನಿಗೆ ಪರೀಕ್ಷೆಯ ಕೋಣೆ ಹೇಗೆ ಕಂಡಿರಬಹುದು ಎಂದು ನಾವು ಯೋಚಿಸುತ್ತೇವೆ. ಪಾಸಾದ. ಅದೇ ಸಾಲ್ಫರ್ಡಿನಲ್ಲಿ ಮುಂದೆ ಹಲವು ಮಾಜಿ ಆಟಗಾರರು ಫಿಸಿಯೋಥೆರಪಿ ಓದಿದರು. ಇಂದು ಅಲ್ಲಿನ ಕ್ಲಬ್‌ಗಳಲ್ಲಿ ಹದಿನಾರರಿಂದ ಹದಿನೆಂಟರ ಹುಡುಗರು ಆಟದ ಜೊತೆ ಎರಡು ವರ್ಷ ಓದಲೇಬೇಕು.

ಪದವಿ ಪಡೆದ ವೈಟ್‌ಸೈಡ್ ಆಟಗಾರರ ಸಂಘದ ಪರವಾಗಿ ಕ್ಲಬ್‌ನಿಂದ ಕ್ಲಬ್‌ಗೆ ಹೋದ. ಹದಿನಾರು ಹದಿನೇಳರ ಹುಡುಗರನ್ನು ಸಾಲಾಗಿ ಕೂರಿಸಿ, ಒಬ್ಬೊಬ್ಬರ ಬರಿಗಾಲನ್ನು ಕೈಯಲ್ಲಿ ಹಿಡಿದು, ಪಾದ ನೆಲಕ್ಕೆ ಸರಿಯಾಗಿ ಕೂರುತ್ತಿದೆಯೇ, ಮೊಣಕಾಲಿನ ಮೇಲೆ ಭಾರ ಓರೆಯಾಗಿ ಬೀಳುತ್ತಿದೆಯೇ ಎಂದು ನೋಡುವ ಕೆಲಸ. ಆ ಹುಡುಗರು ಇನ್ನೂ ಚಿಕ್ಕ ಮಕ್ಕಳಾಗಿದ್ದಾಗಲೇ ಅವನ ಆಟ ಮುಗಿದುಹೋಗಿತ್ತು. ತಮ್ಮ ಕಾಲು ಹಿಡಿದು ಕೂತವನು ಯಾರೆಂದು ಅವರಲ್ಲಿ ಕೆಲವರಿಗೆ ಅವರ ಅಪ್ಪಂದಿರೇ ಹೇಳಬೇಕಾಗಿ ಬಂದಿರಬೇಕು.